ತಿರುಳು ಕಪ್ಪು, ಸಿಪ್ಪೆ ಕೆಂಪು: ಎರಡಱುನೂಱರ ಮಣ್ಣು ಮತ್ತು ಮಾತು

ಗದಗಿನಿಂದ ಮುಂಡರಗಿಯ ರಸ್ತೆ ಹಿಡಿದರೆ ಡಂಬಳ ಬರುವಷ್ಟರಲ್ಲಿ ಮಣ್ಣಿನ ಬಣ್ಣ ಬದಲಾಗಿರುತ್ತದೆ. ಬೆಟಗೇರಿಯಿಂದ ಉತ್ತರಕ್ಕೆ, ನರಗುಂದದ ಕಡೆ ಹೊರಟರೆ ಬದಲಾಗುವುದೇ ಇಲ್ಲ. ಕಣ್ಣು ಹಾಯುವವರೆಗೂ ಎರಿ. ನಡುವೆ ಒಂದು ಕಲ್ಲು ಸಿಗುವುದೂ ಅಪರೂಪ. ಊರಿನವರು ಇದನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾರೆ: ಆ ಕಡೆ ಎರಿ (ಕಪ್ಪುಮಣ್ಣು), ಈ ಕಡೆ ಮಸಾರಿ (ಕೆಂಪುಮಣ್ಣು). ಕನ್ನಡ ಸಾಹಿತ್ಯ ಚರಿತ್ರೆಯ ಒಂದು ಹಳೆಯ ಗೊಂದಲವನ್ನು ಈ ಎರಡು ಮಾತಿನ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಗೊಂದಲ ಇರುವುದು ‘ಕವಿರಾಜಮಾರ್ಗ’ದಲ್ಲಿ. ಒಂಬತ್ತನೆಯ ಶತಮಾನದ ಈ ಕೃತಿ ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹರಡುತ್ತದೆ. ಆಮೇಲೆ ಅದರೊಳಗೆ ಮತ್ತೊಂದು ಚಿಕ್ಕ ನಾಡನ್ನು ಗುರುತಿಸಿ, ಅಲ್ಲಿನದು ಕನ್ನಡದ ತಿರುಳು ಎನ್ನುತ್ತದೆ. ಆ ಚಿಕ್ಕ ನಾಡಿನ ನಾಲ್ಕು ಗುರುತುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಒಕ್ಕುಂದ ಮಲಪ್ರಭೆಯ ದಂಡೆಯ ಊರು. 941ರಲ್ಲಿ ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡ ಮೇಲೆ ಈ ಮಾತಿಗೆ ಇನ್ನಷ್ಟು ತೂಕ ಬಂತು. ಅವನು ಬರೆದದ್ದು ವೇಮುಲವಾಡದಲ್ಲಿ, ಇಂದಿನ ತೆಲಂಗಾಣದಲ್ಲಿ. ಆದರೆ ಅವನ ತಾಯಿಯ ಕಡೆಯವರು ಅಣ್ಣಿಗೇರಿಯವರು ಎಂಬುದನ್ನು ಅವನ ತಮ್ಮ ಜಿನವಲ್ಲಭ ಹಾಕಿಸಿದ ಕುರ್ಕ್ಯಾಲದ ಶಾಸನ ಹೇಳುತ್ತದೆ. ತಾಯಿನುಡಿ ಎಂಬ ಮಾತು ಪಂಪನ ವಿಷಯದಲ್ಲಿ ಅಕ್ಷರಶಃ ಸಲ್ಲುತ್ತದೆ.

ಈ ನಾಲ್ಕೇ ಊರು ಯಾಕೆ? ಸಾಮಾನ್ಯವಾಗಿ ಸಿಗುವ ಉತ್ತರ ರಾಜಕೀಯದ್ದು ಇಲ್ಲವೆ ಧರ್ಮದ್ದು. ಪಟ್ಟದಕಲ್ಲು ಚಾಲುಕ್ಯರ ಪಟ್ಟದ ಊರು, ಕೊಪಣ ಜೈನರ ಮಹಾತೀರ್ಥ, ಪುಲಿಗೆರೆ ಬಸದಿಗಳ ನಗರ. ಸರಿ, ಆದರೆ ಇದು ಅಂಚಿನ ಊರುಗಳ ವಿವರಣೆಯಾಯಿತು. ತಿರುಳು ಇರುವುದು ಅಂಚಿನಲ್ಲಲ್ಲ. ನಕ್ಷೆಯ ಮೇಲೆ ನಾಲ್ಕೂ ಊರುಗಳಿಗೆ ಗೆರೆ ಎಳೆದು ನೋಡಿ. ಒಳಗೆ ಬೀಳುವುದು ಗದಗ, ಬೆಟಗೇರಿ, ಲಕ್ಕುಂಡಿ, ಮುಳಗುಂದ, ಅಣ್ಣಿಗೇರಿ, ನವಲಗುಂದ, ನರಗುಂದ, ರೋಣ. ಶಿರಹಟ್ಟಿ ಗೆರೆಗೆ ತಾಗಿಕೊಂಡು ಒಳಗಿದೆ. ಮುಂಡರಗಿ ಒಂದಿಷ್ಟು ಹೊರಗೆ ಬೀಳುತ್ತದೆ. ಕವಿ ಕೈಯಲ್ಲಿ ಅಳತೆಪಟ್ಟಿ ಹಿಡಿದು ಕೂತಿರಲಿಲ್ಲ, ನಿಜ. ಆದರೂ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವ ಎರಿಯ ದೊಡ್ಡ ಹರವು ಈ ಚೌಕದ ಹೊಟ್ಟೆಯಲ್ಲಿದೆ. ಗುರುತಿನ ಊರುಗಳು ಇರುವುದು ಎರಿ ಮುಗಿಯುವ ಕಡೆ: ಪಟ್ಟದಕಲ್ಲಿನಲ್ಲಿ ಕೆಂಪು ಮರಳುಗಲ್ಲು, ಕೊಪ್ಪಳದಲ್ಲಿ ಬೆಣಚು ಗುಡ್ಡ, ಲಕ್ಷ್ಮೇಶ್ವರ ಎರಿ ಮಸಾರಿ ಕೂಡುವ ಅಂಚು. ಒಕ್ಕುಂದ ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಒಗ್ಗುವುದಿಲ್ಲ, ಅದರ ಸುತ್ತಲೂ ಎರಿಯೇ ಇದೆ. ನಾಲ್ಕರಲ್ಲಿ ಮೂರು ಹೊಂದಿದರೆ ಸಾಕೆಂದು ನಾನು ವಾದಿಸುವುದಿಲ್ಲ. ಮೂರು ಹೊಂದಿವೆ ಎಂದಷ್ಟೇ ಹೇಳುತ್ತೇನೆ.

ತಿರುಳ್ಗನ್ನಡದ ನಾಡು ಎರಿಯ ನಾಡೇ ಎಂಬ ಈ ಊಹೆಗೆ ಬಲ ಕೊಡುವುದು ನಾಡುಗಳ ಹಳೆಯ ಹೆಸರುಗಳು. ಈ ಚೌಕದ ದೊಡ್ಡ ಪಾಲು ಬೆಳ್ವೊಲ-300. ಅದಕ್ಕೆ ದಕ್ಷಿಣಕ್ಕೆ ಪುಲಿಗೆರೆ-300. ಎರಡನ್ನೂ ಒಬ್ಬನೇ ಅಧಿಕಾರಿ ಆಳುವುದು ಎಷ್ಟು ರೂಢಿಯಾಗಿತ್ತೆಂದರೆ ಶಾಸನಗಳು ಎಷ್ಟೋ ಸಲ ಹೆಸರನ್ನೇ ಹೇಳದೆ ‘ಎರಡಱುನೂಱು’ ಎಂದುಬಿಡುತ್ತವೆ, ಎರಡು ಸೇರಿ ಆರುನೂರು. ಉತ್ತರಕ್ಕೆ, ಪಟ್ಟದಕಲ್ಲಿನ ಸುತ್ತ, ಕಿಸುಕಾಡು-70. ಬೆಳ್ವೊಲ ಎಂದರೆ ಬೆಳೆಯ ಹೊಲ. ಶಾಸನತಜ್ಞ ಫ್ಲೀಟ್ ಕೂಡ ಹೀಗೆಯೇ ಅರ್ಥ ಮಾಡಿದ. ಕಿಸುಕಾಡು ಎಂದರೆ ಕೆಂಪು ಕಾಡು. ಕಿಸುವೊಳಲಿನ ‘ಕಿಸು’ವೂ ಕೆಂಪೇ. ಆಳುವವರು ಇಟ್ಟ ಹೆಸರು ಇವಲ್ಲ, ಉಳುವವರು ಇಟ್ಟದ್ದು. ಡಂಬಳದ ಕಡೆಯ ಮಾಸವಾಡಿ-140 ಎಂಬ ನಾಡಿಗೂ ಮಸಾರಿಗೂ ನಂಟು ಕಟ್ಟಲು ಮನಸ್ಸು ತುಡಿಯುತ್ತದೆ. ಆದರೆ ಮೊದಲಕ್ಷರದ ದೀರ್ಘ ಅಡ್ಡ ಬರುತ್ತದೆ. ಬಣ್ಣ ಹೊಂದಿತೆಂದು ವ್ಯಾಕರಣವನ್ನು ಬಗ್ಗಿಸಬಾರದು.

ಊರಹೆಸರುಗಳನ್ನು ಚರಿತ್ರೆಯ ಆಕರವೆಂದು ನೋಡಲು ಕಲಿಸಿದವರು ಶಂ.ಬಾ. ಜೋಶಿ. ‘ಎಡೆಗಳು ಹೇಳುವ ಕಂನಾಡ ಕತೆ’ ಎಂಬ ಶೀರ್ಷಿಕೆಯೇ ಒಂದು ಸಂಶೋಧನಾ ಮಾರ್ಗ. ಅವರ ಎಲ್ಲ ನಿರುಕ್ತಿಗಳನ್ನೂ ಒಪ್ಪಲಾಗದು, ದಾರಿಯನ್ನು ಬಿಡಲಾಗದು. ಅದೇ ದಾರಿಯಲ್ಲಿ ಬೆಟಗೇರಿಯ ಬಾಲವನ್ನು ಹಿಡಿದು ನೋಡೋಣ. (ಕವಿ ಆನಂದಕಂದರ ಬೆಟಗೇರಿ ಗೋಕಾಕ ತಾಲ್ಲೂಕಿನದು. ನಮ್ಮದು ನೇಕಾರರ ಬೆಟಗೇರಿ, ಆಳೆತ್ತರ ಮೀರಿದ ವೀರಗಲ್ಲುಗಳ ಬೆಟಗೇರಿ.) ಇಂದಿನ ಅಣ್ಣಿಗೇರಿ ಶಾಸನಗಳಲ್ಲಿ ಅಣ್ಣಿಗೆರೆ. ಕೆರೆ ಹೋಗಿ ಕೇರಿ ಬಂದಿದೆ. ಬೆಟಗೇರಿಯ ‘ಗೇರಿ’ಗೂ ಇದೇ ಪ್ರಶ್ನೆ ಕೇಳಬೇಕು. ಪುಲಿಗೆರೆಯಂತೂ ಹುಲಿಯ ಕೆರೆ. ಎರಿನಾಡಿನಲ್ಲಿ ಕೆರೆಯ ಹೆಸರಿಗೆ ಇಷ್ಟು ಮಹತ್ವ ಯಾಕೆ? ಇಲ್ಲಿನ ಕೆರೆ ಮೊದಲಿಗೆ ಕುಡಿಯುವ ನೀರಿನದು, ಹೊಲಕ್ಕೆ ಹಾಯಿಸುವುದು ಆಮೇಲಿನ ಮಾತು. ಎರಿ ತನ್ನ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ಸೀಮೆ ಇದು. ಹಿಂಗಾರಿ ಬಿತ್ತನೆಯಾದ ಮೇಲೆ ಒಂದೆರಡು ಮಳೆ ತಪ್ಪಿದರೂ ಮಣ್ಣು ಹಿಡಿದಿಟ್ಟ ತೇವದಲ್ಲೇ ಜೋಳ ತೆನೆಗೆ ಬರುತ್ತದೆ. ಆದರೆ ಅದೇ ನೆಲದಲ್ಲಿ ಬಾವಿ ತೋಡಿದರೆ ಸಿಗುವುದು ಹೆಚ್ಚಾಗಿ ಸವಳು ನೀರು. ಬೆಳೆಗೆ ಬರವಿಲ್ಲ, ಬಾಯಿಗೆ ಬರ. ಸಿಹಿನೀರು ಸಿಕ್ಕ ಕಡೆ ಊರು ಕಟ್ಟುತ್ತದೆ, ಊರಿಗೆ ಕೆರೆಯ ಹೆಸರು ಅಂಟುತ್ತದೆ.

ಇನ್ನು ಶಾಸನಗಳು. ಲಕ್ಷ್ಮೇಶ್ವರದ ಶಾಸನಗಳನ್ನು ಮೊದಲು ಶಿಸ್ತಾಗಿ ಓದಿದವರು ಫ್ಲೀಟ್. ಆಮೇಲೆ ಬಾರ್ನೆಟ್ ಪ್ರಕಟಿಸಿದ, ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ (ಅಂದರೆ ಪುಲಿಗೆರೆಯ) ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯ ಶಾಸನ ಎಂಟನೆಯ ಶತಮಾನದ ಪೇಟೆಯೊಂದರ ಕಟ್ಟಳೆಗಳನ್ನು ಕಣ್ಣಿಗೆ ಕಟ್ಟುತ್ತದೆ. ಆದರೆ ಒಕ್ಕಲುತನದ ಚರಿತ್ರೆಗೆ ಬೇಕಾದದ್ದು ಇಂಥ ದೊಡ್ಡ ಶಾಸನಗಳ ಕೊನೆಯಲ್ಲಿ ಬರುವ, ಓದುವವರು ಬೇಸತ್ತು ಬಿಟ್ಟುಬಿಡುವ ಸಾಲುಗಳು: ದತ್ತಿ ಕೊಟ್ಟ ಹೊಲದ ಎಲ್ಲೆ, ಅಳತೆ, ಜಾತಿ. ಈ ಸೀಮೆಯ ದತ್ತಿಗಳಲ್ಲಿ ಹೊಲದ ಅಳತೆಯಾದ ಮತ್ತರು ಬರೀ ಮತ್ತರಲ್ಲ. ಅದು ಎರೆಯ ಮತ್ತರೋ ಕಿಸುಕಾಡಿನ, ಅಂದರೆ ಕೆಂಪುನೆಲದ, ಮತ್ತರೋ ಎಂದು ಬಿಡಿಸಿ ಹೇಳುತ್ತಾರೆ, ತೋಂಟವನ್ನು ಬೇರೆಯಾಗಿ ಎಣಿಸುತ್ತಾರೆ. ಅಳೆದದ್ದು ಯಾವ ಗಳೆಯಿಂದ, ಯಾವ ಕೋಲಿನಿಂದ ಎಂಬುದೂ ಇರುತ್ತದೆ. ಬಳ್ಳಿಗಾವೆಯ ಭೇರುಂಡ ಗಳೆಯ ಹಾಗೆ ಊರೂರಿಗೂ ಒಂದು ಗಳೆ. ಒಂದು ಮತ್ತರಿಗೆ ಎಷ್ಟು ಎಕರೆ ಎಂದು ಒಂದೇ ಅಂಕಿ ಹುಡುಕಿದವರೆಲ್ಲ ಸೋತದ್ದು ಇದಕ್ಕೇ. ಇಲ್ಲಿ ಒಂದು ‘ಕೂರಿಗೆ’ ಭೂಮಿ ಎಂದರೆ ಇಂದಿಗೂ ಸುಮಾರು ನಾಲ್ಕು ಎಕರೆ. ಅದು ಬಿತ್ತುವ ಸಲಕರಣೆಯ ಹೆಸರು. ಅಳತೆ ಹುಟ್ಟುವುದು ಕೆಲಸದಿಂದ, ಕೋಲಿನಿಂದಲ್ಲ.

ಎರಿಯ ಮಿಗುತೆ ಎಲ್ಲಿಗೆ ಹೋಯಿತು? ಒಂದಿಷ್ಟು ಕಲ್ಲಾಯಿತು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಅದಕ್ಕೂ ಮೊದಲು, 993ರಲ್ಲಿ, ಅವಳ ಆಶ್ರಯದಲ್ಲಿ ರನ್ನ ‘ಅಜಿತಪುರಾಣ’ ಮುಗಿಸಿದ್ದ. ಇನ್ನೊಂದಿಷ್ಟು ಪುಸ್ತಕವಾಯಿತು, ಮತ್ತು ಇಲ್ಲಿ ನನಗೆ ಕಾವ್ಯಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಶಾಸ್ತ್ರ. ಚಾವುಂಡರಾಯನ ‘ಲೋಕೋಪಕಾರ’ 1025ರದು. ಮಳೆಯ ಮುನ್ಸೂಚನೆ, ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ, ದನಕರುಗಳ ರೋಗ, ವಿಷವೈದ್ಯ ಎಲ್ಲವೂ ಅದರಲ್ಲಿ ಉಂಟು. ದುರ್ಗಸಿಂಹನ ‘ಪಂಚತಂತ್ರ’ 1031ರದು. ಅವನು ಕಿಸುಕಾಡುನಾಡಿನ ಸಯ್ಯಡಿಯವನು, ಅಂದರೆ ಇಂದಿನ ರೋಣ ತಾಲ್ಲೂಕಿನ ಸವಡಿಯವನು. 1049ರ ‘ಜಾತಕತಿಲಕ’ದ ಶ್ರೀಧರಾಚಾರ್ಯ ಬೆಳ್ವೊಲನಾಡಿನ ನರಗುಂದದವನು. 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನ ಮುಳಗುಂದದವನು. ಚಾಲುಕ್ಯ ರಾಜವಂಶದ ಕೀರ್ತಿವರ್ಮನ ‘ಗೋವೈದ್ಯ’ವೂ ಹೆಚ್ಚುಕಡಿಮೆ ಅದೇ ಕಾಲದ್ದು. ಎಲ್ಲರೂ ಈ ಚೌಕದವರೇ ಎಂದು ಹೇಳಲು ಬರುವುದಿಲ್ಲ. ಆದರೆ ನೂರು ವರ್ಷದೊಳಗೆ ಕನ್ನಡದಲ್ಲಿ ಮಳೆ, ಬಾವಿ, ದನ, ನಕ್ಷತ್ರಗಳ ಬಗ್ಗೆ ಬರೆಯುವ ಆಸೆ ಒಮ್ಮೆಲೇ ಹುಟ್ಟಿದ್ದು ಆಕಸ್ಮಿಕವಲ್ಲ. ಮಳೆ ಯಾವಾಗ ಬಂದೀತು ಎಂಬ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಬೇಕಾದವರು ಯಾರು? ಸಂಸ್ಕೃತ ಓದಿಕೊಂಡ ಆಸ್ಥಾನಿಕರಂತೂ ಅಲ್ಲ.

ನಯಸೇನನನ್ನು ಸಾಹಿತ್ಯದ ತರಗತಿಗಳಲ್ಲಿ ಸಂಸ್ಕೃತ ಬೆರಕೆಯನ್ನು ಗೇಲಿ ಮಾಡಿದವನೆಂದು ನೆನೆದು ಮುಂದೆ ಸಾಗುತ್ತಾರೆ. ಅವನ ಗದ್ಯದಲ್ಲಿ ಒಂದರ ಬೆನ್ನಿಗೊಂದು ಪೋಣಿಸಿಟ್ಟ ಹೋಲಿಕೆಗಳನ್ನು ಒಬ್ಬ ಒಕ್ಕಲಿಗನ ಪಕ್ಕದಲ್ಲಿ ಕೂತು ಓದಬೇಕು. ಅಟ್ಟ, ಅಂಗಳ, ಹಿತ್ತಲು, ಹಟ್ಟಿಗಳಿಂದ ಎತ್ತಿಕೊಂಡ ಈ ಸಾಮಗ್ರಿಗೆ ನಿಘಂಟುಕಾರರು ಇನ್ನೂ ಪೂರ್ತಿ ಕೈಹಾಕಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮಣ್ಣನ್ನು ಬೇರೆ ಕಣ್ಣುಗಳು ನೋಡಿದವು. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ಜಾಲಿಸಿ ಚಿನ್ನ ತೆಗೆಯುವುದನ್ನು ನೋಡಿ ಬರೆದವರಲ್ಲಿ ನ್ಯೂಬೋಲ್ಡ್ ಒಬ್ಬ. 1874ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದ. ಎಲ್ಲರಿಗೂ ನೆನಪಿರುವುದು ಚಿನ್ನ. ನ್ಯೂಬೋಲ್ಡ್ ಎರಿಮಣ್ಣಿನ ಬಗ್ಗೆ ಎತ್ತಿದ ತಕರಾರು ಮರೆತುಹೋಗಿದೆ. ಕಪ್ಪುಮಣ್ಣು ಕಪ್ಪು ಬಸಾಲ್ಟು ಕರಗಿ ಆದದ್ದು ಎಂಬುದು ಆಗಿನ ನಂಬಿಕೆ. ಬಸಾಲ್ಟೇ ಇಲ್ಲದ ಕಡೆಯೂ ಇದು ಹಾಸಿಕೊಂಡಿದೆಯಲ್ಲ ಎಂದು ಅವನು ಕೇಳಿದ. ಗದಗಿನ ಎರಿ ಅಂಥದ್ದೇ. ಅದರ ಕೆಳಗಿರುವುದು ಧಾರವಾಡ ಪದರಶಿಲೆ ಮತ್ತು ನೈಸ್. ಪಾಠಪುಸ್ತಕಗಳು ಇಂದಿಗೂ ಕಪ್ಪುಮಣ್ಣು ಎಂದರೆ ದಖನ್ನಿನ ಲಾವಾ ಎಂದೇ ಬರೆಯುತ್ತವೆ. ಗದಗಿನ ಮಕ್ಕಳು ತಮ್ಮ ಕಾಲಡಿಯ ನೆಲದ ಬಗ್ಗೆ ತಪ್ಪು ಉತ್ತರ ಬರೆದು ಪೂರ್ತಿ ಅಂಕ ಪಡೆಯುತ್ತಾರೆ.

ಕಂದಾಯ ಸರ್ವೆಯವರ ಕಣ್ಣು ಇನ್ನೂ ಚೂಪು. ವಿಂಗೇಟ್ ಮತ್ತು ಜೊತೆಗಾರರ 1847ರ ಜಂಟಿ ವರದಿ ಮಣ್ಣನ್ನು ಬಣ್ಣದಿಂದ ಮೂರು ದರ್ಜೆಗಳಾಗಿ, ಆಳದಿಂದ ಒಂಬತ್ತು ವರ್ಗಗಳಾಗಿ ವಿಂಗಡಿಸಿತು. ಒಂದೂಮುಕ್ಕಾಲು ಮೊಳ ಆಳದ ನಯವಾದ ಕಪ್ಪುಮಣ್ಣು ಹದಿನಾರಾಣೆ. ಅಷ್ಟೇ ಆಳದ ಕೆಂಪು ಮಣ್ಣಿನ ಲೆಕ್ಕ ಶುರುವಾಗುವುದೇ ಹದಿನಾಲ್ಕಾಣೆಯಿಂದ. ಕೊನೆಯ ವರ್ಗಕ್ಕೆ ಎರಡಾಣೆ. ಸುಣ್ಣದ ಹರಳು, ಉಸುಕು, ಇಳಿಜಾರು ಕಂಡರೆ ಮತ್ತೆ ಕಡಿತ. ಎರೆಯ ಮತ್ತರು, ಕಿಸುಕಾಡ ಮತ್ತರು ಎಂದು ಕಲ್ಲಿನಲ್ಲಿ ಕೆತ್ತಿದ ಸೇನಬೋವ ಈ ಪಟ್ಟಿಯನ್ನು ನೋಡಿದ್ದರೆ ತನ್ನದೇ ಲೆಕ್ಕ, ಆಣೆಗಳಷ್ಟೇ ಹೊಸವು ಅನ್ನುತ್ತಿದ್ದ.

ಆದರೆ ಈ ಸರ್ವೆ ಎರಡಱುನೂಱನ್ನು ಒಂದಾಗಿ ನೋಡಲಿಲ್ಲ, ನೋಡುವಂತೆಯೂ ಇರಲಿಲ್ಲ. ಗದಗ, ಡಂಬಳ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆ. ಲಕ್ಷ್ಮೇಶ್ವರ ಮಿರಜ ಸಂಸ್ಥಾನ. ಶಿರಹಟ್ಟಿ ಸಾಂಗಲಿ ಸಂಸ್ಥಾನ. 1948ರವರೆಗೂ ಒಂದೇ ಹಳ್ಳದ ಎರಡು ದಂಡೆಗೆ ಎರಡು ದಫ್ತರ. 1884ರ ಧಾರವಾಡ ಗ್ಯಾಝೆಟಿಯರನ್ನು ಈ ಸೀಮೆಯ ಪೂರ್ಣ ಚಿತ್ರವೆಂದು ಹಿಡಿದವರು ಪುಲಿಗೆರೆಯನ್ನೇ ಬಿಟ್ಟು ಪುಲಿಗೆರೆಯ ಚರಿತ್ರೆ ಬರೆದ ಹಾಗಾಗುತ್ತದೆ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಆ ಚೂರುಗಳನ್ನು ಒಂದು ನಕ್ಷೆಗೆ ತಂದ ಕೀರ್ತಿ ಆಡಳಿತಗಾರರದು, ಸಂಶೋಧಕರದಲ್ಲ.

ಹತ್ತಿಯ ಕತೆ ಚಿಕ್ಕದಾಗಿ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಪ್ಲಾಂಟರುಗಳನ್ನು ಧಾರವಾಡ ಸೀಮೆಗೆ ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತು. ಅದು ಇಲ್ಲಿ ‘ವಿಲಾಯತಿ ಹತ್ತಿ’ಯಾಯಿತು. ಕುಮಟಾ ಬಂದರಿಗೆ ಹೋಗುತ್ತಿದ್ದ ಹಳೆಯದು ‘ಜವಾರಿ’ ಎನಿಸಿತು. ವಿಲಾಯತಿ ನೆಲೆಯೂರಿದ್ದು ಗದಗ ಭಾಗದಲ್ಲಿ. ಅದರಿಂದ ಆರಿಸಿದ ತಳಿಯ ಹೆಸರೇ ‘ಗದಗ-1’. ಅದನ್ನು ಕಾಂಬೋಡಿಯಾ ಹತ್ತಿಯೊಂದಿಗೆ ಕೂಡಿಸಿ ‘ಲಕ್ಷ್ಮಿ’ ತಳಿ ಬಂತು. ಬೆಟಗೇರಿಯ ಮಗ್ಗದ ಮನೆಗಳ ಅಜ್ಜಂದಿರಿಗೆ ಈ ಹೆಸರುಗಳು ನೆಂಟರ ಹೆಸರುಗಳಷ್ಟೇ ಪರಿಚಿತ.

ಆಗಬೇಕಾದ ಕೆಲಸ ಇದು: ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ದತ್ತಿಶಾಸನಗಳ ಎಲ್ಲೆಗಳನ್ನು ಹಳೆಯ ಸರ್ವೆ ನಂಬರುಗಳ ಮೇಲಿಟ್ಟು, ಎರೆಯ ಮತ್ತರು ಎಲ್ಲಿ ಮುಗಿದು ಕಿಸುಕಾಡ ಮತ್ತರು ಎಲ್ಲಿ ಶುರುವಾಗುತ್ತದೆ ಎಂದು ಹೊಲಹೊಲಕ್ಕೆ ಹೋಗಿ ನೋಡುವುದು. ಸಾಹಿತ್ಯ ವಿಭಾಗದವರಿಗೆ ಹೊಲ ಗೊತ್ತಿಲ್ಲ, ಕೃಷಿ ವಿಜ್ಞಾನಿಗಳಿಗೆ ಹಳಗನ್ನಡ ಬರುವುದಿಲ್ಲ. ಎರಡೂ ಬಲ್ಲವರು ಇದ್ದಾರೆ, ಅವರು ಪ್ರಬಂಧ ಬರೆಯುವುದಿಲ್ಲ. ಡಂಬಳದ ಈಚೆ ಒಂದು ಹೊಲದ ಬದುವಿನಲ್ಲಿ ನಿಂತು, ಎರಿ ಮುಗಿಯುವುದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಹಿರಿಯರೊಬ್ಬರನ್ನು ಕೇಳಿದ್ದೆ. ಬೇಸಿಗೆ, ನೆಲ ಬಾಯಿಬಿಟ್ಟಿತ್ತು. ಮೊಣಕೈಯವರೆಗೆ ಕೈ ಇಳಿಯುವಂಥ ಬಿರುಕು. ಬಣ್ಣ ತೋರಿಸುತ್ತಾರೆ ಎಂದುಕೊಂಡಿದ್ದೆ. ಅವರು ಬಣ್ಣದ ಮಾತೇ ಎತ್ತಲಿಲ್ಲ. “ಗಳೇ ಹಗುರಾಕ್ಕೈತಲ್ಲ, ಎತ್ತಿನ ಹೆಗಲಿಗೆ ಮೊದಲ ಗೊತ್ತಾಕ್ಕೈತಿ” ಅಂದರು. ಶಾಸನದಲ್ಲಿ ಹೊಲ ಅಳೆಯುವ ಕೋಲಿಗೆ ಗಳೆ ಎನ್ನುತ್ತಾರೆ, ಅವರ ಬಾಯಲ್ಲಿ ಅದು ಎತ್ತು ಹೂಡಿ ಉಳುವ ಸಲಕರಣೆ.