ವಂಶವೃಕ್ಷದಲ್ಲಿ ಊರಿನ ಹೆಸರು



ನಿಮ್ಮ ಅಜ್ಜ 1938ರಲ್ಲಿ ಗುಲಬರ್ಗಾದಲ್ಲಿ ಜನಿಸಿದರು ಎಂದಿಟ್ಟುಕೊಳ್ಳಿ. ಅಂತರ್ಜಾಲದ ವಂಶವೃಕ್ಷದಲ್ಲಿ ಆ ವಿವರ ತುಂಬಲು ಕುಳಿತರೆ ‘ಕಲಬುರಗಿ, ಕರ್ನಾಟಕ, ಭಾರತ’ ಎಂಬ ಸಿದ್ಧ ಉತ್ತರ ಪರದೆಯ ಮೇಲೆ ಬರಬಹುದು. ಊರು ಅದೇ, ಆದರೆ ಕಾಲ ಬೇರೆ. 1938ರಲ್ಲಿ ಕರ್ನಾಟಕ ಎಂಬ ಹೆಸರಿನ ರಾಜ್ಯವೇ ಇರಲಿಲ್ಲ. ‘ಬ್ರಿಟಿಷ್ ಇಂಡಿಯಾ’ ಎಂದು ಬರೆದರೂ ತಪ್ಪೇ, ಏಕೆಂದರೆ ಗುಲಬರ್ಗಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು.

ಆ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಗುಲಬರ್ಗಾ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 2014ರ ನವೆಂಬರ್ 1ರಂದು ಊರಿನ ಹೆಸರು ಕಲಬುರಗಿ ಎಂದಾಯಿತು. ಮನೆ ಬಿಟ್ಟು ಕದಲದ ಅಜ್ಜನ ವಿಳಾಸ ಹೀಗೆ ಮತ್ತೆ ಮತ್ತೆ ಬದಲಾಯಿತು! ಇನ್ನೂ ಹಿಂದಕ್ಕೆ ಹೋದರೆ, ಬಹಮನಿ ಸುಲ್ತಾನರ ಕಾಲದಲ್ಲಿ ಗುಲಬರ್ಗಾ ‘ಅಹಸನಾಬಾದ್’ ಆಗಿತ್ತು, ಬೀದರ್ ‘ಮುಹಮ್ಮದಾಬಾದ್’ ಆಗಿತ್ತು.

ಇದರಿಂದ ಆಗುವ ನಷ್ಟವೇನು? ಒಂದೇ ಮನೆತನದ ಒಂದು ಶಾಖೆ ಇಲ್ಲಿ ‘ಕಲಬುರಗಿ’ ಎಂದು, ಕರಾಚಿಗೆ ಹೋದ ಇನ್ನೊಂದು ಶಾಖೆ ‘ಗುಲ್ಬರ್ಗಾ, ದಕ್ಕನ್’ ಎಂದು ಬರೆದರೆ, ಕಂಪ್ಯೂಟರ್ ಅವರಿಬ್ಬರನ್ನೂ ಸೇರಿಸದೆ ಹೋಗಬಹುದು. ಉರ್ದು ದಾಖಲೆಗಳಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಓದುತ್ತಾರೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಬಿಜಾಪುರ ಎಂಬ ಜಿಲ್ಲೆ ಛತ್ತೀಸಗಢದಲ್ಲೂ ಇದೆ. ನಮ್ಮ ಬಿಜಾಪುರ 2014ರಲ್ಲಿ ವಿಜಯಪುರವಾಯಿತು; ಆದರೆ ಆ ಹೆಸರಿನ ಪಟ್ಟಣ ದೇವನಹಳ್ಳಿ ತಾಲ್ಲೂಕಿನಲ್ಲೂ ಇದೆ. ಸಂಬಂಧವಿಲ್ಲದವರು ಒಂದೇ ವೃಕ್ಷದ ಕೊಂಬೆಗಳಾಗಿಬಿಡಬಹುದು.

ಹಾಗಾದರೆ ಏನು ಮಾಡಬೇಕು? ಹಳೆಯ ಹೆಸರನ್ನು ಅಳಿಸಬೇಡಿ, ಹೊಸ ಹೆಸರನ್ನು ಬಿಡಬೇಡಿ. ನಿಕಾಹ್‌ನಾಮೆಯಲ್ಲೋ ಶಾಲಾ ದಾಖಲೆಯಲ್ಲೋ ಇರುವ ಹೆಸರನ್ನು ಇದ್ದಂತೆಯೇ ಬರೆಯಿರಿ: ‘ಗುಲಬರ್ಗಾ, ಹೈದರಾಬಾದ್ ಸಂಸ್ಥಾನ’. ಅದಕ್ಕೆ ಇಂದಿನ ‘ಕಲಬುರಗಿ, ಕರ್ನಾಟಕ’ವನ್ನು ಜೋಡಿಸಿ. ಫ್ಯಾಮಿಲಿಸರ್ಚ್‌ನಂತಹ ತಾಣದಲ್ಲಿ ನೀವು ಬರೆದ ಹೆಸರನ್ನೂ ಪ್ರಮಾಣಿತ ಸ್ಥಳವನ್ನೂ ಒಟ್ಟಿಗೆ ಇಡಬಹುದು. ಆ ಅನುಕೂಲವಿಲ್ಲದಿದ್ದರೆ ಟಿಪ್ಪಣಿಯಲ್ಲಿ ಬರೆಯಿರಿ. ‘ಹೈದರಾಬಾದ್’ ಎಂದಷ್ಟೇ ಇದ್ದರೆ ಅದು ನಗರವೋ ಸಂಸ್ಥಾನವೋ ಎಂದು ವಿಚಾರಿಸಿ. ಗ್ರಾಮ, ತಾಲ್ಲೂಕು, ಜಿಲ್ಲೆ ಮೂರನ್ನೂ ನಮೂದಿಸಿ.

ಹಳೆಯ ಹೆಸರು ನಮ್ಮ ಹಿರಿಯರು ಬದುಕಿದ ಕಾಲವನ್ನು ಹೇಳುತ್ತದೆ. ಹೊಸ ಹೆಸರು ಅಲ್ಲಿಗೆ ದಾರಿ ತೋರಿಸುತ್ತದೆ. ಎರಡನ್ನೂ ಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ಮನೆಗಳಲ್ಲಿದ್ದಾರೆ. ಈ ರಜೆಯಲ್ಲಿ ಅವರ ಪಕ್ಕ ಕುಳಿತು, ಕೇಳಿ, ಬರೆದಿಟ್ಟುಕೊಳ್ಳಿ.