ತಿರುಗುವ ನೇಗಿಲು

ನೇಗಿಲೆಂದರೆ ಎಳೆಯುವುದು; ಇದು ಸಾವಿರಾರು ವರ್ಷಗಳ ರೂಢಿ. ಎಳೆಯುವ ಬದಲು ತಿರುಗಿಸಿದರೇನು ಎಂದು 1912ರಲ್ಲಿ ಆಸ್ಟ್ರೇಲಿಯದ ಗಿಲ್ಗಾಂಡ್ರದಲ್ಲಿ, ತಂದೆಯ ಜಮೀನಿನಲ್ಲಿ, ಆರ್ಥರ್ ಕ್ಲಿಫರ್ಡ್ ಹೋವರ್ಡ್ ಪರೀಕ್ಷೆಗಿಳಿದ. ಆವಿ ಎಂಜಿನ್ನಿನ ಬಲದಿಂದ ತಿರುಗಿದ ತಟ್ಟೆಗಳು ಮಣ್ಣನ್ನೇನೋ ಪುಡಿ ಮಾಡಿದವು, ಆದರೆ ಪಕ್ಕಕ್ಕೆ ಎರಚಿಬಿಟ್ಟವು. 'ಎಲ್' ಅಕ್ಷರದಂತೆ ಬಾಗಿದ ಅಲಗುಗಳನ್ನು ಕೂರಿಸಿದ ಮೇಲೆ ಆ ತೊಡಕು ನೀಗಿತು. 1920ರಲ್ಲಿ ಪೇಟೆಂಟ್ ಪಡೆದ. ನಮ್ಮ ರೈತರ 'ರೋಟವೇಟರ್' ಈ ವಂಶದ್ದೇ. (ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿ ನೋಡಿ!)

ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಿಂದ ಆರಂಭವಾದ ವಿ.ಎಸ್.ಟಿ. ಕಂಪನಿಯ ಪವರ್ ಟಿಲ್ಲರ್ ಇದೇ ತತ್ವವನ್ನು ಗದ್ದೆಗಿಳಿಸಿತು. ಈಗ ಪುಟ್ಟ ಟ್ರ್ಯಾಕ್ಟರುಗಳ ಹಿಂದೆಯೂ ಅದು ತಿರುಗುತ್ತಿದೆ. ಕೊಳ್ಳುವಾಗ ಅಗಲಕ್ಕೆ ಮರುಳಾಗುವವರೇ ಹೆಚ್ಚು. ಎರಡೂ ಗಾಲಿಗಳ ಜಾಡು ಅಳಿಸುವಷ್ಟಿದ್ದರೆ ಸಾಕು. ಮೀರಿದರೆ ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ.

ಹಿಟ್ಟಿನಂಥ ಮಣ್ಣು ಕಣ್ಣಿಗೇನೋ ಚೆಂದ. ಆದರೆ ಒಂದು ಬಿರುಮಳೆ ಬಿದ್ದು ಒಣಗಿದರೆ ಮೇಲ್ಮಣ್ಣು ಹೆಪ್ಪುಗಟ್ಟಿ ಮೊಳಕೆಯನ್ನು ತಡೆಯುತ್ತದೆ. ವರ್ಷವರ್ಷವೂ ಒಂದೇ ಆಳಕ್ಕೆ ಉತ್ತರೆ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸುವ ಆ ಪದರ ವರವೇ. ರಾಗಿ ಹೊಲದಲ್ಲಾದರೆ ಮಳೆನೀರು ಇಂಗದು, ಬೇರು ಇಳಿಯದು. ಅಲ್ಲಿ ಕೆಲವು ವರ್ಷಕ್ಕೊಮ್ಮೆಯಾದರೂ ಮೂಲೆಗಿಟ್ಟ ಆಳದ ನೇಗಿಲನ್ನು ಹೊರತೆಗೆಯಲೇಬೇಕು.