ಹವಳದ ಎಲುಬು, ಹವಳದ ಮಾಂಸ

ಬಾಗಲಕೋಟೆ ತಾಲೂಕಿನ ಶಿರೂರಿಗೂ ಸಮುದ್ರಕ್ಕೂ ಬಲು ದೂರ. ಆದರೂ ಶಿರೂರು, ಬಾದಾಮಿ, ಇಳಕಲ್ ಸೀಮೆಗೆ ಹವಳ ಹೊಸದಲ್ಲ. ಉತ್ತರ ಕರ್ನಾಟಕದ ಹಲವು ಮನೆತನಗಳಲ್ಲಿ ತಾಳಿ, ಗುಂಡು, ಕರಿಮಣಿಗಳ ಜೊತೆ ಕೆಂಪು ಹವಳವನ್ನೂ ಪೋಣಿಸುವ ರೂಢಿ ಇಂದಿಗೂ ಇದೆ. ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತು ದೇಶಾಂತರ ವ್ಯಾಪಾರ ನಡೆಸಿದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವನ್ನು ಕೊಂಡಾಡುವ 11ನೆಯ ಶತಮಾನದ ಶಿಕಾರಿಪುರ ಸೀಮೆಯ ಶಾಸನವೊಂದು ಅವರ ಸರಕುಗಳನ್ನು ಸಾಲುಗಟ್ಟಿ ಹೇಳುತ್ತದೆ. ಆನೆ, ಕುದುರೆ, ಮುತ್ತು, ವಜ್ರ, ಏಲಕ್ಕಿ, ಕರ್ಪೂರಗಳ ಆ ಸಾಲಿನಲ್ಲಿ ಹವಳವೂ ಇದೆ.

ಕೆಂಪು ಹವಳದ ಮುಖ್ಯ ತವರು ಮೆಡಿಟರೇನಿಯನ್ ಸಮುದ್ರ. ಕೌಟಿಲ್ಯನ ಅರ್ಥಶಾಸ್ತ್ರ ಹವಳದ ಬಗೆಗಳನ್ನು ಹೆಸರಿಸುತ್ತದೆ. ಅದರಲ್ಲಿ ಬರುವ ಒಂದು ಊರು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಎಂದು ಹಲವು ವಿದ್ವಾಂಸರ ಮತ. ಕ್ರಿ.ಶ. 1ನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ಭಾರತದ ಬಂದರುಗಳಿಗೆ ಬರುತ್ತಿದ್ದ ಸರಕಿನಲ್ಲಿ ಹವಳವನ್ನು ಸೇರಿಸಿದೆ. ರೋಮನ್ನರಿಗೆ ಮುತ್ತು ಹೇಗೋ ಭಾರತೀಯರಿಗೆ ಹವಳ ಹಾಗೆ ಎಂದು ಅದೇ ಶತಮಾನದ ಪ್ಲಿನಿ ಬರೆದ. 18ನೆಯ ಶತಮಾನದಲ್ಲಿ ಇಟಲಿಯ ಲಿವೋರ್ನೊದ ಯಹೂದಿ ವರ್ತಕರು ಗೋವೆಗೆ ಹವಳ ಕಳಿಸಿ ಭಾರತದ ವಜ್ರ ತರಿಸಿಕೊಳ್ಳುತ್ತಿದ್ದರು.

ಇಷ್ಟು ದೂರ ಬಂದದ್ದು ಹವಳದ ಎಲುಬು ಮಾತ್ರ. ಜೀವಂತ ಕೆಂಪು ಹವಳದ ಟೊಂಗೆಯ ಮೇಲೆ ತೆಳುವಾದ ಮಾಂಸದ ಹೊದಿಕೆ ಇರುತ್ತದೆ. ಅದನ್ನು ಹೆರೆದು ತೆಗೆದು, ಒಳಗಿನ ಸುಣ್ಣದ ಕಡ್ಡಿಗೆ ಮೆರುಗು ಕೊಟ್ಟು ಮಾರುವುದು ಕಸುಬು. ಔಷಧಿಯಲ್ಲೂ ಅದೇ ಕತೆ. ಚರಕ, ಸುಶ್ರುತ ಸಂಹಿತೆಗಳಲ್ಲಿ ಪ್ರವಾಳದ, ಅಂದರೆ ಹವಳದ, ಹೆಸರಿದೆ. ವೈದ್ಯರು ಅದನ್ನು ಗುಲಾಬಿ ನೀರಿನಲ್ಲಿ ಅರೆದು ಪಿಷ್ಟಿ ಮಾಡುತ್ತಾರೆ, ಪುಟ ಕೊಟ್ಟು ಭಸ್ಮ ಮಾಡುತ್ತಾರೆ, ಆಮ್ಲಪಿತ್ತಕ್ಕೆ ಕೊಡುತ್ತಾರೆ. ಪಿಷ್ಟಿಯ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಗುಣ ಆ ವಸ್ತುವಿಗೆ ಇದ್ದೇ ಇದೆ.

ಹವಳಕ್ಕೆ ಜೀವವಿದೆ ಎಂದು ಒಪ್ಪಿಸಲು ಪಟ್ಟ ಪಾಡೇ ಒಂದು ಅಧ್ಯಾಯ. 1706ರಲ್ಲಿ ಇಟಲಿಯ ಮಾರ್ಸಿಲಿ ಹೊಸದಾಗಿ ಕಿತ್ತ ಹವಳವನ್ನು ಸಮುದ್ರದ ನೀರಿನಲ್ಲಿಟ್ಟು ನೋಡಿದಾಗ ಕೆಂಪು ಟೊಂಗೆಯ ಮೇಲೆ ಬಿಳಿಯ, ಎಂಟೆಸಳಿನ ‘ಹೂ’ಗಳು ಅರಳಿದವು. ಹವಳ ಸಸ್ಯವೆಂಬುದಕ್ಕೆ ಇದೇ ಸಾಕ್ಷಿ ಎಂದು ಆತ ಸಾರಿದ. 1720ರ ದಶಕದಲ್ಲಿ ಮಾರ್ಸೇಲ್ಸಿನ ವೈದ್ಯ ಪೆಯ್ಸೊನೆಲ್ ಅದೇ ಹೂಗಳನ್ನು ಮುಟ್ಟಿದಾಗ ಮುದುಡಿಕೊಳ್ಳುವುದನ್ನು ಕಂಡು, ಇವು ಪ್ರಾಣಿಗಳೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಬರೆದ. ಅಲ್ಲಿನ ಹಿರಿಯ ವಿಜ್ಞಾನಿ ರಿಯೂಮರ್ ಅದನ್ನು ನಂಬಲಿಲ್ಲ. ಬರೆದವನಿಗೆ ಅವಮಾನವಾದೀತೆಂದು ಅವನ ಹೆಸರನ್ನೇ ಮುಚ್ಚಿಟ್ಟು ವಿಷಯ ಮಂಡಿಸಿದ. ಸರಿಯಾಗಿ ಕಂಡವನಿಗೆ ಮನ್ನಣೆ ಸಿಗಲು ದಶಕಗಳೇ ಹಿಡಿದವು.

ಮಾರ್ಸಿಲಿ ಕಂಡ ಎಂಟು ಎಸಳು ಇಂದಿಗೂ ಕೆಂಪು ಹವಳ ಸೇರಿದ ಗುಂಪಿನ ಗುರುತು. ಹವಳದ ಒಂದೊಂದು ಪುಟ್ಟ ಪ್ರಾಣಿಯನ್ನು ಪಾಲಿಪ್ ಎನ್ನುತ್ತಾರೆ. ದಿಬ್ಬ ಕಟ್ಟುವ ಕಲ್ಲುಹವಳದ ಪಾಲಿಪಿಗೆ ಆರು ಅಥವಾ ಆರರ ಮಡಿಯಷ್ಟು ಬಾಹುಗಳು. ಕೆಂಪು ಹವಳ, ಬೀಸಣಿಗೆ ಹವಳ, ಮೃದು ಹವಳಗಳಿಗೆ ಎಂಟೇ ಬಾಹು, ಪ್ರತಿ ಬಾಹುವಿನ ಎರಡೂ ಅಂಚಿಗೆ ಗರಿಯಂತೆ ಕವಲು. ತಾಳಿಸರದ ಹವಳ, ಹಾಗಾಗಿ, ಕಲ್ಲುಹವಳಕ್ಕಿಂತ ಮೃದು ಹವಳಕ್ಕೇ ಹತ್ತಿರದ ನೆಂಟ.

ಮೃದು ಹವಳಕ್ಕೆ ಗಟ್ಟಿ ಅಸ್ಥಿಪಂಜರವಿಲ್ಲ. ಮಾಂಸದೊಳಗೆ ಸೂಕ್ಷ್ಮವಾದ ಸುಣ್ಣದ ಮುಳ್ಳುಗಳು ಹರಡಿರುತ್ತವೆ, ಅಷ್ಟೇ. ಓಡಲಾರದ, ಚಿಪ್ಪೂ ಇಲ್ಲದ ಈ ಜೀವಿಯನ್ನು ಮೀನುಗಳು ಯಾಕೆ ತಿಂದು ಮುಗಿಸುವುದಿಲ್ಲ? ಉತ್ತರ ಬಹುಮಟ್ಟಿಗೆ ರಸಾಯನದಲ್ಲಿದೆ. ಟರ್ಪೀನ್ ಜಾತಿಯ ಕಹಿ, ವಿಷ ವಸ್ತುಗಳನ್ನು ಅದು ತನ್ನ ಮೈಯಲ್ಲಿ ತುಂಬಿಕೊಂಡಿರುತ್ತದೆ. ಔಷಧಿ ಹುಡುಕುವವರ ಕಣ್ಣು ಬಿದ್ದದ್ದು ಇವುಗಳ ಮೇಲೆ.

1969ರಲ್ಲಿ ಅಮೆರಿಕದ ವೈನ್‌ಹೈಮರ್ ಮತ್ತು ಸ್ಪ್ರಾಗಿನ್ಸ್, ಫ್ಲೋರಿಡಾ ಕಡಲಿನ ‘ಪ್ಲೆಕ್ಸೌರಾ ಹೊಮೊಮಲ್ಲಾ’ ಎಂಬ ಎಂಟುಬಾಹು ಹವಳದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನಿನಂಥ ವಸ್ತುವನ್ನು ಕಂಡರು. ಒಣಗಿಸಿದ ಹೊರಪದರದ ತೂಕದಲ್ಲಿ ಶೇ. 1ಕ್ಕೂ ಹೆಚ್ಚು ಪಾಲು ಅದೇ. ಆಗ ಸಂಶೋಧಕರಿಗೆ ಚಿಟಿಕೆಯಷ್ಟೂ ಸಿಗದ ವಸ್ತು ಅದು. ಔಷಧಿ ಕಂಪನಿ ಅಪ್‌ಜಾನ್ ಹವಳ ಕೊಯ್ಲಿಗೇ ಇಳಿಯಿತು. ಪ್ರಯೋಗಾಲಯದಲ್ಲೇ ಅದನ್ನು ತಯಾರಿಸುವ ಹಾದಿ ಸುಗಮವಾದ ಮೇಲೆ ಆ ಕೊಯ್ಲು ನಿಂತಿತು. 1986ರಲ್ಲಿ ಬಹಾಮಾಸ್ ಬಳಿಯ ಬೀಸಣಿಗೆ ಹವಳದಿಂದ ಉರಿಯೂತ ತಗ್ಗಿಸುವ ಸ್ಯೂಡೊಪ್ಟೆರೊಸಿನ್‌ಗಳು ವರದಿಯಾಗಿ, ಮುಂದೆ ಮುಖದ ಕ್ರೀಮುಗಳಿಗೂ ಸೇರಿದವು. 1990ರ ದಶಕದಲ್ಲಿ ರಸಾಯನ ವಿಜ್ಞಾನಿ ವಿಲಿಯಂ ಫೆನಿಕಲ್ ತಂಡಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಮೃದು ಹವಳವೊಂದರಲ್ಲಿ ಎಲ್ಯೂಥೆರೋಬಿನ್ ಸಿಕ್ಕಿತು. ಕ್ಯಾನ್ಸರ್ ಔಷಧಿ ಪ್ಯಾಕ್ಲಿಟಾಕ್ಸೆಲ್‌ನಂತೆ ಇದು ಜೀವಕೋಶ ಇಬ್ಭಾಗವಾಗುವುದನ್ನು ತಡೆಯುತ್ತದೆ. ಆದರೆ ಪರೀಕ್ಷೆಗೆ ಬೇಕಾದಷ್ಟು ಸಿಗಲಿಲ್ಲ, ಮುಂದಿನ ಕೆಲಸ ಅಲ್ಲಿಗೇ ಕುಂಟಿತು.

ಎಲ್ಯೂಥೆರೋಬಿನ್‌ನಂಥ ಟರ್ಪೀನ್‌ಗಳನ್ನು ತಯಾರಿಸುವುದು ಹವಳವೋ, ಅದರೊಳಗೆ ವಾಸಿಸುವ ಸೂಕ್ಷ್ಮಜೀವಿಯೋ ಎಂಬ ಪ್ರಶ್ನೆಗೆ 2022ರಲ್ಲಿ ತೆರೆ ಬಿತ್ತು. ಯೂಟಾ ವಿಶ್ವವಿದ್ಯಾಲಯದ ಎರಿಕ್ ಶ್ಮಿಟ್ ಮತ್ತು ಸ್ಕ್ರಿಪ್ಸ್ ಸಾಗರ ಸಂಸ್ಥೆಯ ಬ್ರ್ಯಾಡ್ಲಿ ಮೂರ್ ಅವರ ತಂಡಗಳು ಬೇರೆ ಬೇರೆಯಾಗಿ ಹುಡುಕಿ, ಟರ್ಪೀನ್ ಕಟ್ಟುವ ಜೀನ್‌ಗಳು ಹವಳದ್ದೇ ಎಂದು ತೋರಿಸಿದವು. ಆ ಜೀನ್ ಗೊತ್ತಾದರೆ ಬ್ಯಾಕ್ಟೀರಿಯಾದಂಥ ಜೀವಿಗಳಿಂದ ಅದೇ ಕೆಲಸ ಮಾಡಿಸಬಹುದು, ಸಮುದ್ರದ ಹವಳ ಕೀಳುವ ಪ್ರಮೇಯ ಬರುವುದಿಲ್ಲ. ಈ ಚರಿತ್ರೆಯಲ್ಲಿ ನಿಜವಾದ ತಿರುವು ಇದೇ. ಆದರೂ ಮೃದು ಹವಳದಿಂದ ಬಂದ ಕ್ಯಾನ್ಸರ್ ಔಷಧಿ ಒಂದೂ ಇನ್ನೂ ಅಂಗಡಿಗೆ ಬಂದಿಲ್ಲ. ಬಂದಿದೆ ಎಂದು ಮಾರುವವರನ್ನು ನಂಬಬೇಕಿಲ್ಲ.

ಕರ್ನಾಟಕಕ್ಕೂ ಹವಳದ ನೆಲೆಯಿದೆ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ.  ಆದರೆ ಕಿತ್ತ ಹವಳ ಬೇಗ ಮರಳಿ ಬೆಳೆಯದು: ಮೆಡಿಟರೇನಿಯನ್ನಿನ ಕೆಂಪು ಹವಳದ ಟೊಂಗೆ ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ. ಬೀಸಣಿಗೆ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಕಡಲೂರುಗಳಿಗೆ ಹೋದ ಪ್ರವಾಸಿಗರು, ಒಣಗಿಸಿದ ಕಡಲ ಬೀಸಣಿಗೆಯನ್ನು ಶೋಕೇಸಿಗೆಂದು ಯಾರಾದರೂ ತೋರಿಸಿದರೆ, ದಯವಿಟ್ಟು ಕೊಳ್ಳಬಾರದು.